ಹಗೇವಿನ ವ್ಯಾಜ್ಯ

ಮನೆ ಕಟ್ಟಿಸುವವನಿಗೂ ಕಟ್ಟುವವನಿಗೂ ನಡುವೆ ಹುಟ್ಟುವ ಕಲಹಗಳಲ್ಲಿ ಗೋಡೆಯ ಕಲಹ, ಬಾಗಿಲ ಕಲಹ, ಬಣ್ಣದ ಕಲಹ ಎಂದು ಬಗೆಗಳು ಅನೇಕವಿದ್ದರೂ, ಅವೆಲ್ಲವೂ ಕಣ್ಣಿಗೆ ಕಾಣುವ ವಸ್ತುವನ್ನು ಕುರಿತವುಗಳಾದ್ದರಿಂದ, ರಸಮಟ್ಟವನ್ನಿಟ್ಟೋ, ತೂಗುಗುಂಡನ್ನು ಇಳಿಬಿಟ್ಟೋ, ಅದೂ ಸಾಲದಿದ್ದರೆ ಓಣಿಯ ನಾಲ್ವರನ್ನು ಕರೆತಂದು ತೋರಿಸಿಯೋ ಅವುಗಳನ್ನು ಒಂದು ನಿಲುಗಡೆಗೆ ತರಬಹುದು. ನೆಲದೊಳಗಿನ ಕೆಲಸದ ಕಲಹ ಈ ಜಾತಿಗೆ ಸೇರಿದುದಲ್ಲ. ಒಮ್ಮೆ ಮಣ್ಣು ಮುಚ್ಚಿತೆಂದರೆ, ಒಳಗೆ ಎಷ್ಟು ಆಳವಿದೆ, ಕಲ್ಲು ಹಾಕಿದನೋ ಕಸ ಹಾಕಿದನೋ ಎಂಬುದಕ್ಕೆ ಸಾಕ್ಷಿ ನುಡಿಯಬಲ್ಲವರು ಇಬ್ಬರೇ: ಕೆಲಸ ಮಾಡಿದ ಗೌಂಡಿ ಮತ್ತು ಭೂಮಿತಾಯಿ. ಮೊದಲಿನವನ ಮಾತನ್ನು ಯಜಮಾನನು ನಂಬುವುದಿಲ್ಲ. ಎರಡನೆಯವಳು ಮಳೆಗಾಲ ಬರುವವರೆಗೆ ಬಾಯಿ ಬಿಡುವುದಿಲ್ಲ.

ಬಹುಕಾಲ ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಿಗೆ ಬಂದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು ನಕಾಶೆಯಲ್ಲಿ ನೆರೆಹೊರೆಯವಾದರೂ ನೆಲದ ಸ್ವಭಾವದಲ್ಲಿ ಒಂದೇ ಮನೆತನದವಲ್ಲ. ಹಾನಗಲ್ಲಿನ ಪಡುವಣ ಭಾಗ ಅರೆಮಲೆನಾಡು. ಅಲ್ಲಿ ಭತ್ತ, ಮಾವು, ಅಡಿಕೆ, ಕೆಂಪು ಮಣ್ಣು, ಮನೆ ಕಟ್ಟಲು ಜಂಬಿಟ್ಟಿಗೆ. ಅಲ್ಲಿಂದ ಮೂಡಣಕ್ಕೆ ಸವಣೂರಿನ ಕಡೆ ಸಾಗಿದಂತೆ ಮಣ್ಣು ಕಪ್ಪಾಗುತ್ತ, ಮರಗಳು ವಿರಳವಾಗುತ್ತ, ಎರೆಯ ಹೊಲಗಳು ದಿಗಂತದವರೆಗೆ ಹರಡಿಕೊಳ್ಳುತ್ತವೆ. ಶಿಗ್ಗಾವಿಗೂ ಹಿರೇಕೆರೂರಿಗೂ ಎರಡೂ ಬಗೆಯ ನೆಲದಲ್ಲಿ ಪಾಲುಂಟು. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿದು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ತನ್ನ ಮೇಲೆ ನಿಂತ ಗೋಡೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುವ ಈ ಎರೆಯ ಚಾಂಚಲ್ಯವನ್ನು ಬಲ್ಲ ಹಿರಿಯರು, ಕೆಳಗಿನ ಗರಸು ಸಿಕ್ಕುವವರೆಗೂ ಅಗೆಯದೆ ಪಾಯ ಹಾಕಿದವನನ್ನು ಗೌಂಡಿಯೆಂದು ಒಪ್ಪುತ್ತಿರಲಿಲ್ಲ. ಹಾನಗಲ್ಲಿಗೆ ಬಂದವರೆಲ್ಲರೂ ತಾರಕೇಶ್ವರನ ಗುಡಿಯ ಛಾವಣಿಯಲ್ಲಿ ಅರಳಿರುವ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿ ವಿಸ್ಮಿತರಾಗುತ್ತಾರೆ. ಆ ಭಾರವನ್ನೆಲ್ಲ ಶತಮಾನಗಳಿಂದ ಹೊತ್ತಿರುವ ಪಾಯವನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ.

ಎರೆಯ ಸೀಮೆಯ ಮನೆಗಳಿಗೆ ಪಾಯವಲ್ಲದೆ ಇನ್ನೊಂದು ಪಾತಾಳವೂ ಇತ್ತು, ಅದುವೇ ಹಗೇವು. ಮಲೆನಾಡಿನ ಮಗ್ಗುಲಿನವರು ಭತ್ತವನ್ನು ಕಣಜದಲ್ಲಿ ನೆಲದ ಮೇಲೆ ಕೂಡಿಟ್ಟರೆ, ಬಯಲಿನವರು ಜೋಳವನ್ನು ನೆಲದ ಒಳಗೆ ಇಳಿಸಿ ಮರೆಮಾಡುತ್ತಿದ್ದರು. ಪಡಸಾಲೆಯಲ್ಲಿಯೋ ಮನೆಯ ಮುಂದಿನ ಅಂಗಳದಲ್ಲಿಯೋ, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಬಾಯಿ ಬಿಟ್ಟು, ಒಳಕ್ಕೆ ಹೋದಂತೆ ಗುಡಾಣದಂತೆ ಹೊಟ್ಟೆಯನ್ನು ಅಗಲಿಸಿ ತೋಡಿದ ಈ ಕುಳಿಯ ಮೈಗೆ ಜೋಳದ ದಂಟು, ಹುಲ್ಲು, ಹೊಟ್ಟುಗಳನ್ನು ಒತ್ತಾಗಿ ಒತ್ತರಿಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತಿ ಸಾರಿಸಿಬಿಟ್ಟರೆ, ಅದರ ಮೇಲೆಯೇ ಮಕ್ಕಳು ಮಲಗುತ್ತಿದ್ದವು, ಮದುವೆಯ ಪಂಕ್ತಿಗಳು ಏಳುತ್ತಿದ್ದವು. ಬರಗಾಲ ಬಂದಾಗ ಊರಿನ ಮಾನ ಉಳಿಯುತ್ತಿದ್ದುದು ಈ ಕುಳಿಗಳಿಂದ. ಹಗೇವನ್ನು ತೆರೆದ ದಿನ ಯಾರೂ ಆತುರದಿಂದ ಇಳಿಯತಕ್ಕದ್ದಲ್ಲ. ಕಾಳಿನ ಉಸಿರಾಟದಿಂದ ಒಳಗೆ ಕೆಟ್ಟ ಗಾಳಿ ತುಂಬಿರುವುದರಿಂದ, ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕೆಂಬುದು ನಿಯಮ. ನಿಯಮ ಮೀರಿ ಇಳಿದವರು ಮೇಲೆ ಬಾರದೆ ಹೋದ ಕಥೆಗಳು ಈ ಸೀಮೆಯಲ್ಲಿ ಹಲವು ಮನೆಗಳಲ್ಲಿವೆ.

ಜೋಳದ ಹೊಲಗಳಿಗೆ ಗೋವಿನಜೋಳವೂ ಹತ್ತಿಯೂ ಬಂದು, ಅಳಿದುಳಿದ ಕಾಳಿಗೆ ಪ್ಲಾಸ್ಟಿಕ್ ಚೀಲಗಳು ಸಾಕಾಗಿ, ರೇಷನ್ ಅಂಗಡಿಯ ಅಕ್ಕಿ ಮನೆಯ ಬಾಗಿಲಿಗೆ ಬಂದ ಮೇಲೆ ಹಗೇವುಗಳು ಒಂದೊಂದಾಗಿ ಬರಿದಾದವು. ಕೆಲವರು ಕಲ್ಲುಮಣ್ಣು ಸುರಿದು ಮುಚ್ಚಿದರು. ಕೆಲವರು ಬಾಯಿ ಮಾತ್ರ ಮುಚ್ಚಿ ಒಡಲನ್ನು ಹಾಗೆಯೇ ಬಿಟ್ಟರು. ಒಂದು ತಲೆಮಾರು ಕಳೆಯುವುದರೊಳಗೆ ಅದು ಎಲ್ಲಿತ್ತೆಂಬುದನ್ನೇ ಮರೆತರು. ಮರೆತ ಹಗೇವಿನಷ್ಟು ದೊಡ್ಡ ವ್ಯಾಜ್ಯಬೀಜ ಮತ್ತೊಂದಿಲ್ಲ. ೨೦೧೯ರ ಆಗಸ್ಟಿನಲ್ಲಿ ವರದೆಯೂ ಧರ್ಮೆಯೂ ಉಕ್ಕಿ, ಮಣ್ಣಿನ ಗೋಡೆಯ ಮನೆಗಳು ಸಾಲುಸಾಲಾಗಿ ಕುಸಿದಾಗ, ಪೂರ್ತಿ ಬಿದ್ದ ಮನೆಗೆ ಸರಕಾರ ೫ ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿ, ಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಫೋಟೋ ತೆಗೆಸಿ ಹಣ ಬಿಡುಗಡೆ ಮಾಡುವ ಏರ್ಪಾಡು ಮಾಡಿತು. ಪಾಯದ ಫೋಟೋದಲ್ಲಿ ಪಾಯದ ಮೇಲ್ಮೈ ಕಾಣುತ್ತದೆ, ಆಳ ಕಾಣುವುದಿಲ್ಲ. ಗುಂಡಿ ತೋಡುವಾಗ ಹಳೆಯ ಹಗೇವು ಬಾಯ್ದೆರೆದು, ಅದನ್ನು ತುಂಬಲು ಹತ್ತು ಬ್ರಾಸ್ ಗರಸು ಬೇಕಾಗಿ, ಆ ಹಣ ಯಾರದೆಂಬ ಪ್ರಶ್ನೆ ಎದ್ದಲ್ಲಿ, ಫೋಟೋ ತೆಗೆದವನೂ ಸರಕಾರವೂ ಉತ್ತರ ಕೊಡಲಿಲ್ಲ. ಯಜಮಾನನು ‘ಗುತ್ತಿಗೆ ಅಂದ ಮ್ಯಾಲ ಎಲ್ಲಾ ಬಂತು’ ಎಂದನು; ಗೌಂಡಿಯು ‘ಹಗೇವು ನಾ ತೋಡಿದ್ದಲ್ಲ’ ಎಂದನು. ಇಬ್ಬರ ಮಾತೂ ಸತ್ಯವೇ ಆಗಿದ್ದುದು ಪಂಚರ ದುರದೃಷ್ಟ.

ನಾನು ಹೇಳಹೊರಟಿರುವ ವ್ಯಾಜ್ಯ ಇದಕ್ಕಿಂತ ವಿಲಕ್ಷಣವಾದುದು. ಸವಣೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಬಳಗದವರೇ ಆದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರ ಮಗ ಅಮೆರಿಕದ ಉತ್ತರ ಭಾಗದ ಒಂದು ಊರಿನಲ್ಲಿ ಮನೆ ಕೊಂಡು, ಅದರ ನೆಲಮಾಳಿಗೆಯನ್ನು ಹಸನುಗೊಳಿಸಿ, ಹಾಸುಗಂಬಳಿ ಹಾಸಿ, ಅಲ್ಲಿಯೇ ದೀಪಾವಳಿಯ ಕೂಟಗಳನ್ನು ನಡೆಸುತ್ತಾನೆ. ಆ ಸೀಮೆಯಲ್ಲಿ ಚಳಿಗಾಲದ ಹಿಮ ನೆಲವನ್ನು ಮೂರು ನಾಲ್ಕು ಅಡಿಗಳಷ್ಟು ಆಳದವರೆಗೆ ಹೆಪ್ಪುಗಟ್ಟಿಸುವುದರಿಂದ ಪಾಯವನ್ನು ಅದಕ್ಕೂ ಕೆಳಗೆ ಇಳಿಸಲೇಬೇಕಾಗುತ್ತದೆ. ಅಷ್ಟು ಅಗೆದ ಮೇಲೆ ಇನ್ನಷ್ಟು ಅಗೆದು ಒಂದು ಖೋಲಿಯನ್ನೇ ಮಾಡಿಕೊಂಡರಾಯಿತೆಂಬುದು ಅಲ್ಲಿನವರ ನ್ಯಾಯವಾದ ವಿವೇಕ. ಮಗನ ಫೋಟೋಗಳನ್ನು ಕಂಡ ತಾಯಿ, ‘ಅಯ್ಯ, ಹಗೇವಿನಾಗ ಯಾರರ ಕುರ್ಚಿ ಹಾಕ್ಕೊಂಡು ಕುಂಡ್ರತಾರೇನ?’ ಎಂದು ನಕ್ಕುಬಿಟ್ಟರು. ಮಾಸ್ತರರು ನಗಲಿಲ್ಲ. ಅವರ ಪಡಸಾಲೆಯ ಕೆಳಗೆ ಮುತ್ತಜ್ಜನ ಕಾಲದ ಹಗೇವು ಇನ್ನೂ ಬರಿದಾಗಿಯೇ ಉಳಿದಿತ್ತು. ಬೇಸಗೆಯ ಮಧ್ಯಾಹ್ನಗಳಿಗೂ, ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿದ್ದ ಪುಸ್ತಕಗಳಿಗೂ ಅದು ತಕ್ಕ ತಾಣವೆಂದು ಅವರಿಗೆ ಹೊಳೆಯಿತು.

ಊರಿನ ಗೌಂಡಿಯೊಬ್ಬನೊಡನೆ ಮಾತಾಯಿತು. ಗೆರೆ ಹಾಕಿದ ಶಾಲೆಯ ಹಾಳೆಯೊಂದರ ಮೇಲೆ ಮಾಸ್ತರರು ಸ್ವಹಸ್ತಾಕ್ಷರದಿಂದ, ಹಗೇವನ್ನು ಖೋಲಿಯಾಗಿ ಮಾಡಿ ಕೊಡತಕ್ಕದ್ದೆಂದೂ, ಸಾಮಾನು ಸಹಿತ ಒಟ್ಟು ೧,೬೦,೦೦೦ ರೂಪಾಯಿಗಳೆಂದೂ ಬರೆದು, ಕೆಳಗೆ ಇಬ್ಬರೂ ಸಹಿ ಮಾಡಿದರು. ವ್ಯಾಕರಣದ ದೃಷ್ಟಿಯಿಂದ ಆ ಕರಾರುಪತ್ರ ನಿರ್ದುಷ್ಟವಾಗಿತ್ತು. ಗರಸಿನ ಪ್ರಸ್ತಾಪ ಮಾತ್ರ ಅದರಲ್ಲಿರಲಿಲ್ಲ, ನೀರಿನದೂ ಇರಲಿಲ್ಲ. ಯುಗಾದಿಯ ನಂತರ ಕೆಲಸ ಆರಂಭವಾಗಿ, ಬಾಯಿಯನ್ನು ಅಗಲಿಸಿ ಮೆಟ್ಟಿಲಿಳಿಸಿ, ಸುತ್ತ ಕಲ್ಲಿನ ಗೋಡೆಯೆಬ್ಬಿಸಿ, ಗಿಲಾವು ಮಾಡಿ, ಮೇಲೆ ಸಿಮೆಂಟಿನ ಛಾವಣಿ ಹಾಕಿ, ಕೆಳಗೆ ಶಹಾಬಾದ ಕಲ್ಲು ಹಾಸಿದ್ದಾಯಿತು. ವೈಶಾಖದ ಉರಿಯಲ್ಲಿ ಅಲ್ಲಿ ಕುಳಿತು ಮಾಸ್ತರರು ಪಂಪಭಾರತವನ್ನು ಓದಿದರಂತೆ. ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಗೋಡೆಗಳು ಬೆವರತೊಡಗಿದವು. ವಾರ ಕಳೆಯುವುದರೊಳಗೆ ಮೂಲೆಯಲ್ಲಿ ನೀರು ನಿಂತು, ಕೆಳಗಿನ ಗೂಡಿನ ಪುಸ್ತಕಗಳು ಉಬ್ಬಿಕೊಂಡವು. ಬಾಕಿಯಿದ್ದ ೪೦,೦೦೦ ರೂಪಾಯಿಗಳನ್ನು ಕೊಡುವುದಿಲ್ಲವೆಂದು ಮಾಸ್ತರರು ಹೇಳಿಕಳುಹಿಸಿದರು. ಗೌಂಡಿಯು ಬಂದು ಮೆಟ್ಟಿಲ ಮೇಲೆಯೇ ನಿಂತು, ‘ಮಾಸ್ತರ್ರ, ಕಟ್ಟೂದು ನನ್ನ ಕೆಲಸ, ನೆಲದಾಗಿನ ನೀರಿಗೆ ನಾ ಹೆಂಗ ಜವಾಬ್ದಾರ ಆಗ್ಲಿರಿ?’ ಎಂದು ಕೇಳಿ ಹೊರಟುಹೋದನು.

ಇಂತಹ ಸಂದರ್ಭದಲ್ಲಿ ಶಾಸ್ತ್ರವೇನು ಹೇಳುತ್ತದೆಂದು ನೋಡುವ ಚಾಪಲ್ಯ ನನಗೆ ಮೊದಲಿನಿಂದಲೂ ಉಂಟು. ಕೌಟಿಲ್ಯನು ವಾಸ್ತುವಿವಾದಗಳನ್ನು ನೆರೆಹೊರೆಯವರ ಸಾಕ್ಷ್ಯದಿಂದ ನಿರ್ಣಯಿಸಬೇಕೆಂದು ವಿಧಿಸಿದ್ದಾನೆ. ಮನೆಯ ನೀರಿನ ಕಾಲುವೆ ನೆರೆಯವನ ಗೋಡೆಯಿಂದ ದೂರವಿರಬೇಕೆಂಬ ಎಚ್ಚರಿಕೆಯನ್ನೂ ಮರೆತಿಲ್ಲ. ತನ್ನ ಗೋಡೆಯಿಂದ ತನ್ನದೇ ಬಚ್ಚಲು ಎಷ್ಟು ದೂರವಿರಬೇಕೆಂಬುದನ್ನು ಅವನು ಗೃಹಸ್ಥನ ವಿವೇಕಕ್ಕೆ ಬಿಟ್ಟಿದ್ದಿರಬೇಕು. ನಮ್ಮ ನಾಡಿನಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಕೂಲಿ ಪಡೆದು ಕೆಲಸ ಬಿಟ್ಟುಹೋದವನು ಅದರ ಇಮ್ಮಡಿಯನ್ನು ತೆರಬೇಕೆಂಬ ವಿಧಿಯಿದೆ. ಮುಂಗಡ ಪಡೆದು ಮೂರು ಊರುಗಳಲ್ಲಿ ಏಕಕಾಲಕ್ಕೆ ಪಾಯ ತೋಡುವ ಇಂದಿನ ಗೌಂಡಿಗಳಿಗೆ ಈ ವಿಧಿಯನ್ನು ಅನ್ವಯಿಸಿದರೆ ಹಾವೇರಿ ಜಿಲ್ಲೆಯಲ್ಲಿ ಹೊಸ ಮನೆಗಳು ಏಳುವುದು ನಿಂತುಹೋದೀತು. ಆದರೆ ಕೆಲಸವನ್ನು ಮುಗಿಸಿಕೊಟ್ಟು, ಅದು ಸೋರಿದರೆ? ಅಲ್ಲಿ ಸ್ಮೃತಿಗಿಂತ ಪ್ರಚಲಿತ ಕಾನೂನೇ ಸ್ಪಷ್ಟವಾಗಿದೆ.

ಮನೆ ಕಟ್ಟುವುದೂ ಒಂದು ಸೇವೆ, ಅದರಲ್ಲಿ ನ್ಯೂನತೆಯುಂಟಾದರೆ ಕಟ್ಟಿಸಿದವನು ಗ್ರಾಹಕನಾಗಿ ಪರಿಹಾರ ಕೇಳಬಹುದು ಎಂಬುದನ್ನು ೧೯೯೩ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ಧರಿಸಿತು. ಅದೇ ವರ್ಷ ಕಾಯಿದೆಯಲ್ಲಿಯೂ ಗೃಹನಿರ್ಮಾಣವೆಂಬ ಪದ ಸೇರ್ಪಡೆಯಾಯಿತು. ಈಗಿರುವ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವ್ಯವಹಾರದ ಮೊತ್ತ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಮಾಸ್ತರರ ಅಳಿಯ ವಕೀಲನಾದ್ದರಿಂದ ಇಷ್ಟೆಲ್ಲ ಅವರಿಗೆ ಒಂದೇ ಸಂಜೆಯಲ್ಲಿ ಕರತಲಾಮಲಕವಾಯಿತು. ಆದರೆ ಈ ದಾರಿ ಇಬ್ಬರಿಗೂ ಸಮನಾದುದಲ್ಲವೆಂಬುದನ್ನು ನಾನು ಗಮನಿಸದೆ ಇರಲಾರೆ. ಗೌಂಡಿ ಗ್ರಾಹಕನಲ್ಲ, ಅವನ ಬಾಕಿ ಮುಳುಗಿದರೆ ಅವನು ಸಿವಿಲ್ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು, ಅದೂ ಮೂರು ವರ್ಷಗಳ ವಾಯಿದೆಯೊಳಗೆ. ೧೮೭೨ರ ಕರಾರು ಕಾಯಿದೆಯ ೧೭೦ನೆಯ ಕಲಮಿನಂತೆ, ಬಟ್ಟೆ ಹೊಲಿದ ದರ್ಜಿಯು ಹೊಲಿಗೆಯ ಹಣ ಬರುವವರೆಗೆ ಅಂಗಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದು. ಮನೆ ಕಟ್ಟಿದವನು ಮನೆಯನ್ನು ಎಲ್ಲಿ ಇಟ್ಟುಕೊಂಡಾನು? ಮಾಸ್ತರರ ಮಗನಿರುವ ದೇಶದಲ್ಲಿ ಈ ಕೊರತೆಗೆ ಒಂದು ಮದ್ದು ಕಂಡುಹಿಡಿದಿದ್ದಾರೆ. ಅಲ್ಲಿ ಹೊಸ ರಾಜಧಾನಿಯನ್ನು ಕಟ್ಟುವ ಕಾಲಕ್ಕೆ, ೧೭೯೧ರಲ್ಲಿ, ಜೆಫರ್ಸನ್ ಮತ್ತು ಮ್ಯಾಡಿಸನ್ನರ ಪ್ರೇರಣೆಯಿಂದ ಮೇರಿಲ್ಯಾಂಡಿನ ಶಾಸನಸಭೆಯು, ಕೂಲಿ ಬಾರದ ಕಸಬುದಾರನಿಗೆ ಅವನು ಕಟ್ಟಿದ ಕಟ್ಟಡದ ಮೇಲೆಯೇ ಹಕ್ಕನ್ನು ಕೊಟ್ಟಿತು. ತರುವಾಯ ಅದು ಆ ದೇಶದ ಎಲ್ಲೆಡೆ ಹಬ್ಬಿತು. ಹಣ ತೀರಿಸದೆ ಯಜಮಾನನು ಆ ಮನೆಯನ್ನು ಮಾರುವುದೂ ಕಷ್ಟ. ನಮ್ಮ ಗೌಂಡಿಯ ಕೈಯಲ್ಲಿರುವ ಅಸ್ತ್ರವಾದರೋ, ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚದೆ ಬಿಟ್ಟು ಹೋಗುವುದು, ಇಲ್ಲವೆ ಸಂತೆಯಲ್ಲಿ ನಾಲ್ಕು ಜನರೆದುರು ಯಜಮಾನನ ಹೆಸರನ್ನು ಎತ್ತುವುದು, ಇವೆರಡೇ.

ದೂರು ಬರೆಯುವುದಕ್ಕೆ ಮೊದಲು ಊರ ಹಿರಿಯರು ಒಮ್ಮೆ ಕೂಡಲೆಂದು ನಾನು ಮಾಸ್ತರರಿಗೆ ಹೇಳಿದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಚಹಾ ಕುಡಿದು, ಎರಡೂ ಕಡೆಯ ಮಾತು ಕೇಳಿ, ಬಾಕಿಯನ್ನು ಅರ್ಧರ್ಧ ಮಾಡಿಕೊಳ್ಳಿರೆಂದು ತೀರ್ಪಿತ್ತರು. ಪಂಚಾಯಿತಿಗಳ ಈ ಅರ್ಧನ್ಯಾಯದ ಬಗೆಗೆ ನನಗೆ ಗೌರವವಿಲ್ಲ. ಎಲ್ಲವನ್ನೂ ನಡುವೆ ಕತ್ತರಿಸಿದರೆ ಇಬ್ಬರಿಗೂ ಅನ್ಯಾಯವಾಗುವುದು ಸಮನಾಗಿರುತ್ತದೆಂಬುದನ್ನು ಬಿಟ್ಟರೆ ಅದರಲ್ಲಿ ನ್ಯಾಯದ ಅಂಶವೇನೂ ಇಲ್ಲ. ಅದಲ್ಲದೆ ಆ ಐವರಲ್ಲಿ ಒಬ್ಬನೂ ಮೆಟ್ಟಿಲಿಳಿದು ಖೋಲಿಯನ್ನು ನೋಡಿರಲಿಲ್ಲ. ಸಿವಿಲ್ ಕೋರ್ಟುಗಳು ಕೂಡ ಇಂತಹ ವ್ಯಾಜ್ಯದಲ್ಲಿ ಒಬ್ಬ ಕಮಿಷನರನನ್ನು ನೇಮಿಸಿ, ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡೆಂದು ಕಳುಹಿಸುತ್ತವೆ. ಕೊನೆಗೆ ಗೌಂಡಿಯೇ, ಹಾನಗಲ್ಲಿನ ಕಡೆಯ ಒಬ್ಬ ಮುದುಕನನ್ನು ಕರೆತರೋಣವೆಂದನು. ತನಗೆ ಕೆಲಸ ಕಲಿಸಿದವರ ಗುರುವಂತೆ, ಬಾವಿಗಳಿಗೆ ಕಲ್ಲು ಕಟ್ಟಿ ಹೆಸರಾದವನಂತೆ. ಪ್ರತಿವಾದಿಯ ಗುರುವನ್ನೇ ನ್ಯಾಯಾಧೀಶನನ್ನಾಗಿ ಒಪ್ಪಲು ಮಾಸ್ತರರು ಮೊದಲು ಹಿಂಜರಿದರಾದರೂ, ಮುದುಕನು ಬಂದವನೇ ಚಹಾ ಬೇಡವೆಂದು ಕಂದೀಲು ಕೇಳಿದ್ದನ್ನು ಕಂಡು ಸುಮ್ಮನಾದರು.

ಕರೆಂಟಿನ ದೀಪವಿದೆಯೆಂದರೂ ಕೇಳದೆ ಅಜ್ಜನು ಕಂದೀಲನ್ನು ಮುಂದೆ ಹಿಡಿದು ಇಳಿದನು. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತ ಒಂದು ಸುತ್ತು ಬಂದನು. ಮೂಲೆಯ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಮೂಸಿ ನೋಡಿದನು. ಬಳಿಕ ಮೇಲೆ ಬಂದು, ಬಟ್ಟೆಗೆ ಹಾಕುವ ನೀಲಿಯ ಒಂದು ಸೀಸೆಯನ್ನು ತರಿಸಿ, ಒಂದು ಕೊಡ ನೀರಿಗೆ ಬೆರೆಸಿ ಬಚ್ಚಲಿಗೆ ಸುರಿಸಿದನು. ಹಿಂದಿನಿಂದ ಇನ್ನೂ ಹತ್ತು ಕೊಡ ಬರಿ ನೀರು. ಸಂಜೆಯ ಹೊತ್ತಿಗೆ ಬಡಗಣ ಮೂಲೆಯಲ್ಲಿ, ಗಿಲಾವಿನ ಒಂದು ಸಣ್ಣ ಬಿರುಕಿನಿಂದ ನೀಲಿಯ ಗೆರೆಯೊಂದು ಇಳಿದುಬಂದಿತು. ಮಾಸ್ತರರ ಮುಖ ಕಪ್ಪಿಟ್ಟಿತು. ಏಕೆಂದರೆ ಬಚ್ಚಲಿನ ಹೊಸ ಪೈಪನ್ನು ಹಾಕಿದವನು ಈ ಗೌಂಡಿಯಲ್ಲ, ಅಗ್ಗಕ್ಕೆ ಸಿಕ್ಕಿದನೆಂದು ಮಾಸ್ತರರೇ ಶಿಗ್ಗಾವಿಯಿಂದ ಕರೆತಂದ ಮತ್ತೊಬ್ಬ. ಗೌಂಡಿಯ ಮುಖ ಅರಳಲು ಅಜ್ಜನು ಹೆಚ್ಚು ಹೊತ್ತು ಬಿಡಲಿಲ್ಲ. ನೀಲಿ ಕಾಣಿಸದೆಯೂ ಬೆವರುತ್ತಿದ್ದ ತೆಂಕಣ ಗೋಡೆಯ ಹಿಂದೆ, ಹೊರಗಡೆಯಿಂದ ಹಾರೆ ಹಾಕಿಸಿ ಮೊಳದುದ್ದ ಅಗೆಸಿ, ಒಂದು ಹಿಡಿ ಮಣ್ಣನ್ನು ತೆಗೆದು ಎರಡು ಬೆರಳುಗಳ ನಡುವೆ ಉರುಟಿದನು. ಅದು ಜಿಗುಟಾಗಿ ಗೋಲಿಯಷ್ಟು ನುಣ್ಣನೆಯ ಉಂಡೆಯಾಯಿತು. ಗರಸು ಎಂದಿಗೂ ಹಾಗೆ ಉಂಡೆಯಾಗುವುದಿಲ್ಲ. ಆ ಉಂಡೆಯನ್ನು ಶಿಷ್ಯನ ಕೈಯಲ್ಲಿಟ್ಟು, ‘ಗರಸು ತುಂಬಿಸ್ತೀನಿ ಅಂದಿದ್ದೆಂತ? ಇದೇನಪಾ ಮತ್ತ?’ ಎಂದನು. ತೋಡಿದ ಎರೆಯನ್ನೇ ತಿರುಗಿ ಗೋಡೆಯ ಬೆನ್ನಿಗೆ ತುಂಬಿದ್ದನು ಗೌಂಡಿ; ಗರಸಿನ ಹಣವೂ ಉಳಿಯಿತು, ಮಣ್ಣು ಸಾಗಿಸುವ ಟ್ರ್ಯಾಕ್ಟರಿನ ಬಾಡಿಗೆಯೂ ಉಳಿಯಿತು. ಕಾಗದದಲ್ಲಿ ಗರಸಿನ ಮಾತಿಲ್ಲವೆಂದು ಅವನು ವಾದಿಸಬಹುದಾಗಿತ್ತು. ಮಾಸ್ತರರ ಅಳಿಯನಾಗಿದ್ದರೆ ಖಂಡಿತ ವಾದಿಸುತ್ತಿದ್ದನು. ಗುರುವಿನೆದುರು ಅವನಿಗೆ ಬಾಯಿ ಬರಲಿಲ್ಲ.

ನೀರು ತಡೆಯುವ ಕೆಲಸವನ್ನು ನೀರು ಬರುವ ಮಗ್ಗುಲಿನಿಂದ, ಅಂದರೆ ಹೊರಗಿನಿಂದ ಮಾಡಬೇಕು. ಒಳಗಿನ ಗಿಲಾವು ಎಷ್ಟೇ ಗಟ್ಟಿಯಾಗಿರಲಿ, ಹಿಂದಿನಿಂದ ಎರೆ ಉಬ್ಬಿ ದೂಡಿದಾಗ ಬಿರುಕು ಬಿಡಲೇಬೇಕು. ಇದನ್ನು ಅಜ್ಜನು ಪುಸ್ತಕದಿಂದ ಕಲಿತವನಲ್ಲವಾದರೂ ಎಂಜಿನಿಯರುಗಳು ಹೇಳುವುದೂ ಇದನ್ನೇ. ಆದ್ದರಿಂದ ಅವನ ತೀರ್ಪು ಹೀಗಿತ್ತು: ಗೌಂಡಿಯು ತನ್ನ ಖರ್ಚಿನಲ್ಲಿ ಹೊರಗಿನ ಎರೆಯನ್ನು ತೆಗೆದು ಗರಸು ತುಂಬಿ, ನೀರು ಹರಿದುಹೋಗಲು ಕೆಳಗೊಂದು ಹಾದಿ ಮಾಡತಕ್ಕದ್ದು, ಬಚ್ಚಲಿನ ಪೈಪನ್ನು ಮಾಸ್ತರರು ತಮ್ಮ ಖರ್ಚಿನಲ್ಲಿ ಬದಲಿಸತಕ್ಕದ್ದು, ಒದ್ದೆಯಾದ ಪುಸ್ತಕಗಳು ಮಾಸ್ತರರ ಪಾಲಿನ ನಷ್ಟ, ಏಕೆಂದರೆ ಒಂದು ಮಳೆಗಾಲವನ್ನೂ ಕಾಣದ ಖೋಲಿಯಲ್ಲಿ ಪುಸ್ತಕ ಇಟ್ಟವರು ಅವರೇ. ಬಾಕಿಯ ೪೦,೦೦೦ದಲ್ಲಿ ಅರ್ಧವನ್ನು ಈಗಲೇ ಕೊಡತಕ್ಕದ್ದು, ಉಳಿದರ್ಧವನ್ನು ಬರುವ ವರ್ಷದ ಆರಿದ್ರಾ ಕಳೆದ ಮೇಲೆ. ಕಟ್ಟೆಯ ಹಿರಿಯರಲ್ಲೊಬ್ಬರು, ಕೆಲಸ ಕೆಟ್ಟಿರುವಾಗ ಈಗೇಕೆ ಅರ್ಧ ಕೊಡಬೇಕೆಂದು ಆಕ್ಷೇಪಿಸಿದರು. ಅಜ್ಜನು ಕಂದೀಲನ್ನು ಆರಿಸುತ್ತ, ‘ಯಜಮಾನ್ರ, ಕೂಲಿ ಆಳು ಮಳಿ ನೋಡಂಗಿಲ್ಲರಿ, ಸಂತಿ ನೋಡ್ತಾರ’ ಎಂದು ಉತ್ತರ ಕೊಟ್ಟನು.

ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಹಣದ ಒಂದು ಭಾಗವನ್ನು ಭದ್ರತಾ ಠೇವಣಿಯೆಂದು ಹಿಡಿದಿಟ್ಟು, ದೋಷ ಕಾಣಿಸಿಕೊಳ್ಳುವ ಅವಧಿ ಕಳೆದ ಮೇಲೆ ಹಿಂದಿರುಗಿಸುವ ಪದ್ಧತಿಯುಂಟು. ಅಜ್ಜನ ಠೇವಣಿಗೂ ಸರಕಾರದ ಠೇವಣಿಗೂ ವ್ಯತ್ಯಾಸವೆಂದರೆ, ಅವನದು ತಿಂಗಳುಗಳ ಲೆಕ್ಕದಲ್ಲಿರದೆ ಮಳೆಯ ಲೆಕ್ಕದಲ್ಲಿದ್ದುದು. ನೆಲದೊಳಗಿನ ಕೆಲಸಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ವಾಯಿದೆಯನ್ನು ನಾನು ಯಾವ ಕರಾರಿನಲ್ಲಿಯೂ ಓದಿಲ್ಲ. ಮಾಸ್ತರರು ಅದನ್ನು ಇನ್ನೊಂದು ಗೆರೆಹಾಳೆಯ ಮೇಲೆ ಬರೆದರು. ಈ ಸಲ ಗರಸು ಎಷ್ಟು ಬ್ರಾಸ್ ಎಂಬುದನ್ನೂ, ಮುಚ್ಚುವ ಮೊದಲು ಇಬ್ಬರೂ ನಿಂತು ನೋಡತಕ್ಕದ್ದೆಂಬುದನ್ನೂ ಬರೆದರು. ತುಂಬುವ ದಿನ ಅವರು ಬಿಸಿಲಿನಲ್ಲಿ ಕೊಡೆ ಹಿಡಿದು ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಪರೀಕ್ಷೆಯ ಕೋಣೆಯಲ್ಲಿ ಹುಡುಗರನ್ನು ಕಾಯುತ್ತಿದ್ದ ಅದೇ ದೃಷ್ಟಿಯಿಂದ ಪ್ರತಿ ಬುಟ್ಟಿಯನ್ನೂ ಎಣಿಸಿದರೆಂದು ಅವರ ಮನೆಯವರು ಹೇಳುತ್ತಾರೆ.

ಮರುವರ್ಷದ ಆರಿದ್ರಾ ಭರ್ಜರಿಯಾಗಿಯೇ ಸುರಿಯಿತು. ಖೋಲಿಯ ತೆಂಕಣ ಗೋಡೆ ತುಸು ತಣ್ಣಗಾದುದು ನಿಜವಾದರೂ ನೀರು ಬರಲಿಲ್ಲ. ಗೌಂಡಿಗೆ ಉಳಿದ ಹಣವೂ ಸಂದಿತು, ಮೂರನೆಯ ಮೆಟ್ಟಿಲಿನ ೫೦೦ ರೂಪಾಯಿಗಳನ್ನು ಬಿಟ್ಟು. ಆ ಮೆಟ್ಟಿಲಿಗೆ ಹಾಕಿದ ಕಲ್ಲು ಹಗೇವಿನ ಬಾಯಿಗೆ ಮುತ್ತಜ್ಜನು ಹೊದಿಸಿದ್ದ ಹಾಸುಗಲ್ಲೇ ಆದ್ದರಿಂದ ಅದಕ್ಕೆ ಬೆಲೆ ಕೊಡಲಾರೆನೆಂದು ಮಾಸ್ತರರೂ, ಕಲ್ಲು ಅವರದಾದರೂ ಉಳಿ ತನ್ನದೆಂದು ಗೌಂಡಿಯೂ ಪಟ್ಟು ಹಿಡಿದಿದ್ದಾರೆ. ಮದುವೆ ಮುಂಜಿವೆಗಳಲ್ಲಿ ಭೆಟ್ಟಿಯಾದಾಗಲೆಲ್ಲ ಊಟದ ಎಲೆಯ ಮುಂದೆ ಕುಳಿತೇ ಇಬ್ಬರೂ ಇದನ್ನು ಎತ್ತುತ್ತಾರೆ. ಇದನ್ನು ನಾನು ಬಂದು ಬಗೆಹರಿಸಬೇಕೆಂದು ಇಬ್ಬರಿಂದಲೂ ಹೇಳಿಕೆ ಬಂದಿದೆ. ದಸರೆ ಕಳೆಯಲಿ, ಬರುತ್ತೇನೆ ಎಂದು ತಿಳಿಸಿದ್ದೇನೆ. ಯಾವ ವರ್ಷದ ದಸರೆಯೆಂದು ಅವರೂ ಕೇಳಿಲ್ಲ.